ಸೋಫಾದಲ್ಲಿ ಹುಟ್ಟಿದವಳಿಗೊಂದು ಮನೆ

ಐವತ್ನಾಲ್ಕು ವರ್ಷ ಈ ಭೂಮಿಯ ಮೇಲೆ ನಿಂತು, ಕೂತು, ಓಡಾಡಿದ ಮೇಲೆ, ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ನನ್ನ ಮನೆಯನ್ನು ನೆಲದಿಂದ ಆರಿಂಚು ಎತ್ತರದಲ್ಲಿ ನೋಡಿದೆ. ಎರಡೂ ಮಂಡಿ, ಎರಡೂ ಅಂಗೈ ಊರಿಕೊಂಡು, ಟಾರ್ಚ್ ಹಚ್ಚಿದ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ನಡುಮನೆಯಿಂದ ಅಡುಗೆಮನೆಯವರೆಗೆ ಒಂದು ಸುತ್ತು ಬಂದೆ. ನೀವೂ ಒಮ್ಮೆ ಹೀಗೆ ಮಾಡಿ ನೋಡಿ. ನಾವು ವಾಸ ಮಾಡುವ ಮನೆಯ ಅಡಿಯಲ್ಲಿ ಇನ್ನೊಂದು ಮನೆ ಇದೆ ಎಂದು ಗೊತ್ತಾಗುತ್ತದೆ. ದಿವಾನದ ಕೆಳಗೆ ನನಗೆ ನಾಲ್ಕು ಪೆನ್ನು ಸಿಕ್ಕವು, ಯಾವುದೋ ಹಬ್ಬದ ಒಂದು ಗೋಡಂಬಿ ಸಿಕ್ಕಿತು, ಎರಡು ವರ್ಷದ ಹಿಂದೆ ಕಳೆದುಹೋಗಿ ನಮ್ಮ ದಾಂಪತ್ಯದಲ್ಲಿ ಎರಡು ದಿನದ ಮೌನ ತಂದಿದ್ದ ಕಿವಿಯೋಲೆಯೂ ಸಿಕ್ಕಿತು.

ಸುಧಾ ಕಾಫಿ ಲೋಟ ಹಿಡಿದು ಬಂದವಳು ನನ್ನ ಬೆನ್ನನ್ನು ನೋಡಿ ನಿಂತಳು.

"ಏನ್ರೀ ಕಳ್ಕೊಂಡ್ರಿ?"

ಬಾಯಿಂದ ಮೊಬೈಲ್ ತೆಗೆದು ಹೇಳಿದೆ: "ಏನೂ ಇಲ್ಲ ಕಣೇ. ಬೆಕ್ಕಿನ ಮರಿ ಎಲ್ಲೆಲ್ಲಿ ಕಳೆದುಹೋಗ್ಬಹುದು ಅಂತ ನೋಡ್ತಿದೀನಿ."

"ಇನ್ನೂ ಬಂದೇ ಇಲ್ಲ, ಆಗ್ಲೇ ಹುಡುಕೋಕೆ ಶುರು ಮಾಡಿದ್ರಾ?"

ಕಿವಿಯೋಲೆ ಕೈಗಿಟ್ಟೆ. ಕಾಫಿ ಲೋಟ ನೆಲದ ಮೇಲಿಟ್ಟು ಅವಳು ಕನ್ನಡಿಯ ಕಡೆ ಹೋದಳು.

ನನ್ನ ಸ್ವಭಾವವನ್ನು ಇಲ್ಲೇ ಸ್ವಲ್ಪ ಹೇಳಿಬಿಡುತ್ತೇನೆ. ಹೆಸರಘಟ್ಟ ರಸ್ತೆಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಇಪ್ಪತ್ತೈದು ವರ್ಷದಿಂದ ದಿನವೂ ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಸ್ಟೇರಿಂಗ್ ಬೇರೆಯವರ ಕೈಗೆ ಕೊಟ್ಟು, ನನ್ನ ಕಾಲಡಿಯ ಹೆಚ್ಚುವರಿ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು ಬದುಕಿದವನು ನಾನು. ಇಂಥವನಿಗೆ ಮುಂದೆ ಏನು ಅಡ್ಡ ಬರಬಹುದು ಎಂಬುದೇ ಸದಾ ಯೋಚನೆ. ಬಸ್ಸಿನಲ್ಲಿ ಕೂತರೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಮಗಳು ಹುಟ್ಟಿದಾಗ ತೊಟ್ಟಿಲಿಗೂ ಬ್ರೇಕ್ ಹಾಕಿಸೋಣ ಎಂದಿದ್ದೆನಂತೆ. ಆ ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಾ, ಅಪ್ಪನ ಬ್ರೇಕಿನಿಂದ ನೂರೈವತ್ತು ಕಿಲೋಮೀಟರ್ ದೂರದಲ್ಲಿ ನೆಮ್ಮದಿಯಾಗಿದ್ದಾಳೆ. ಬಾಗಲಗುಂಟೆಯ ಈ ಮನೆಯಲ್ಲಿ ಉಳಿದವರು ನಾನು, ಶಾಲೆಯಲ್ಲಿ ಪಾಠ ಹೇಳುವ ಸುಧಾ, ಎಪ್ಪತ್ತಾರು ವರ್ಷದ ನನ್ನ ಅವ್ವ.

ಮರಿಯ ಕಥೆ ಶುರುವಾದದ್ದು ನಮ್ಮ ಬೀದಿಯ ತುದಿಯ ಕುಷನ್ ಅಂಗಡಿಯಲ್ಲಿ. ಜುಬೇದಾ ಮತ್ತವರ ಯಜಮಾನರು ನಡೆಸುವ ಅಂಗಡಿ ಅದು. ಹಳೇ ಸೋಫಾಗಳಿಗೆ ಹೊಸ ಬಟ್ಟೆ, ಹೊಸ ಫೋಮು ಹಾಕಿಕೊಡುತ್ತಾರೆ. ನನ್ನ ಕಾರಿನ ಸೀಟೂ ಪ್ರತಿ ವರ್ಷ ಅಲ್ಲಿಗೆ ಹೋಗುತ್ತದೆ, ಏಕೆಂದರೆ ಕಲಿಯುವವರು ಹೆದರಿದಾಗ ಸೀಟನ್ನು ಉಗುರಿನಿಂದ ಗೀರುತ್ತಾರೆ. ಎರಡು ತಿಂಗಳ ಹಿಂದೆ ಸೀಟು ತರಲು ಹೋದಾಗ ಅಂಗಡಿಯ ನಟ್ಟನಡುವೆ ಬಿಚ್ಚಿಟ್ಟ ಮೂರು ಸೀಟಿನ ಸೋಫಾ ಒಂದಿತ್ತು. ಅದರ ಸುತ್ತ ನಾಲ್ಕು ಸ್ಟೂಲುಗಳನ್ನು ನಿಲ್ಲಿಸಿ ಹಗ್ಗ ಕಟ್ಟಿದ್ದರು. ಯಾವುದೋ ಉದ್ಘಾಟನೆಗೆ ಸಿದ್ಧವಾಗಿದೆಯೇನೋ ಎನ್ನುವ ಹಾಗಿತ್ತು.

"ಏನಿದು ಜುಬೇದಾ?" ಎಂದೆ.

"ಮೆಲ್ಲಗೆ ಅಣ್ಣಾ, ಮೆಲ್ಲಗೆ," ಎಂದು ಅವರು ತುಟಿಗೆ ಬೆರಳಿಟ್ಟರು. "ಸೋಫಾ ಡೆಲಿವರಿ ಇತ್ತು ಶುಕ್ರವಾರ. ಅದಕ್ಕೆ ಮುಂಚೆ ನಮ್ ಬಿಲ್ಲಿದು ಡೆಲಿವರಿ ಆಗೋಯ್ತು."

ಬಗ್ಗಿ ನೋಡಿದೆ. ಸ್ಪ್ರಿಂಗುಗಳ ನಡುವೆ, ತೆಂಗಿನ ನಾರಿನ ಮೆತ್ತೆಯ ಮೇಲೆ ತಾಯಿಬೆಕ್ಕು ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಮೂರು ಮರಿಗಳು. ಎರಡು ಬೂದು ಬಣ್ಣದವು, ಮೂರನೆಯದು ಬಿಳಿ ಮೈ ಮೇಲೆ ಕಪ್ಪು, ಕೇಸರಿ ತೇಪೆ ಹಾಕಿಸಿಕೊಂಡದ್ದು. ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಗಳನ್ನೆಲ್ಲ ಸೇರಿಸಿ ಹೊಲಿದ ಹಾಗಿತ್ತು ಅದು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಟ್ಟಿರದ ಕಣ್ಣಿನಿಂದಲೇ ನನ್ನ ಕಡೆ ತಲೆಯೆತ್ತಿ ಬಾಯಿ ತೆರೆಯಿತು. ಶಬ್ದ ಬರಲಿಲ್ಲ. ಅಷ್ಟೇ ಸಾಕಾಯಿತು ನನಗೆ.

"ಸೋಫಾ ರಿಪೇರಿಗೆ ಕೊಟ್ಟವ್ರು ಏನಂದ್ರು?"

"ಅವ್ರಿಗೆ ಫೋನ್ ಮಾಡಿ ಹೇಳ್ದೆ, ಎರಡು ತಿಂಗಳು ಆಗುತ್ತೆ ಸಾರ್ ಅಂತ. ಬೈದ್ರು. ಆಮೇಲೆ ಹೆಂಡ್ತಿ ಕರ್ಕೊಂಡು ನೋಡೋಕೆ ಬಂದ್ರು. ಈಗ ದಿನಾ ಬರ್ತಾರೆ, ಬರೋವಾಗ ಹಾಲು ತರ್ತಾರೆ."

ಆ ತೇಪೆಯವಳನ್ನು ನನಗೆ ಕೊಡಿ ಎಂದು ಅಲ್ಲೇ ಕೇಳಿಬಿಟ್ಟೆ. ಜುಬೇದಾ ತಲೆಯ ಮೇಲಿನ ದುಪಟ್ಟಾ ಸರಿ ಮಾಡಿಕೊಂಡು, ಕೆಲಸ ಕೇಳಿಕೊಂಡು ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಹೋದ ಸಲದ ಮರಿಗಳಲ್ಲಿ ಒಂದನ್ನು ಯಾರೋ ಒಂದೇ ವಾರ ಸಾಕಿ, ಮೈದಾನದ ಪಕ್ಕ ಬಿಟ್ಟು ಹೋಗಿದ್ದರಂತೆ. ಅದನ್ನು ಹುಡುಕಿಕೊಂಡು ಮೂರು ದಿನ ಅಲೆದಿದ್ದರಂತೆ ಇವರು. ಸಿಕ್ಕಿರಲಿಲ್ಲ.

"ಮನೆ ನೋಡ್ದೆ ಕೊಡಲ್ಲ ಅಣ್ಣಾ. ನೀವು ಅಂತ ಅಲ್ಲ, ಯಾರಾದ್ರೂ ಅಷ್ಟೇ. ಎರಡು ತಿಂಗಳು ತಾಯಿ ಹತ್ರ ಇರ್ಲಿ. ನೀವು ಮನೆ ರೆಡಿ ಮಾಡಿ. ನಾನೇ ಬಂದು ಚೆಕ್ ಮಾಡ್ತೀನಿ. ಪಾಸಾದ್ರೆ ಮರಿ ನಿಮ್ದು."

ಸಾವಿರಾರು ಜನರನ್ನು ಡ್ರೈವಿಂಗ್ ಪರೀಕ್ಷೆಗೆ ಕರೆದುಕೊಂಡು ಹೋಗಿ, "ಹೆದರ್ಬೇಡ್ರಿ, ಏನೂ ಆಗಲ್ಲ" ಎಂದು ಬೆನ್ನು ತಟ್ಟಿದವನು ನಾನು. ಅವತ್ತು ನನ್ನ ಬೆನ್ನು ತಟ್ಟುವವರು ಯಾರೂ ಇರಲಿಲ್ಲ. ಸೀಟನ್ನು ಅಲ್ಲೇ ಮರೆತು ಬಂದಿದ್ದೆ.

ಮನೆಯಲ್ಲಿ ವಿಷಯ ಹೇಳಿದಾಗ ಸುಧಾ ಚಪ್ಪಾಳೆ ತಟ್ಟಿದಳು. ಅವ್ವ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬೆಕ್ಕು ಗಿಕ್ಕು ಏನೂ ಬ್ಯಾಡ."

"ಯಾಕವ್ವ? ಚಿಕ್ಕ ಮರಿ."

"ಬ್ಯಾಡ ಅಂದ್ರೆ ಬ್ಯಾಡ. ನೀವಿಬ್ರೂ ಬೆಳಿಗ್ಗೆ ಎದ್ದು ಓಗ್ಬುಡ್ತೀರ. ಅದನ್ನ ನೋಡ್ಕಳೋರು ಯಾರು? ಬೆಕ್ಕು ಬಂದ್ರೆ ನಾನು ಚಿಕ್ಕಬಾಣಾವರಕ್ಕೆ ತಂಗಿ ಮನೆಗೆ ಓಯ್ತೀನಿ, ನೋಡು."

ಅವ್ವ ಹೀಗೆ ತಂಗಿ ಮನೆಗೆ ಹೊರಡುವುದು ಹೊಸದೇನಲ್ಲ. ಮನೆಗೆ ವಾಷಿಂಗ್ ಮಿಷನ್ ತಂದಾಗಲೂ ಹೊರಟಿದ್ದಳು. ಈಗ ಅದರ ಮುಂದೆ ಕುರ್ಚಿ ಹಾಕಿಕೊಂಡು, ಬಟ್ಟೆ ತಿರುಗುವುದನ್ನು ಧಾರಾವಾಹಿ ನೋಡುವ ಹಾಗೆ ನೋಡುತ್ತಾಳೆ. ಎರಡು ತಿಂಗಳಿದೆ, ಒಪ್ಪಿಸಬಹುದು ಎಂದುಕೊಂಡು ನಾನು ಸಿದ್ಧತೆಗೆ ಇಳಿದೇಬಿಟ್ಟೆ.

ಏನು ಸಿದ್ಧತೆ ಅಂತೀರಿ! ಕಾರಿನ ಸವೆದ ಟೈರೊಂದನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಅದರ ಹೊಟ್ಟೆಗೆ ಫೋಮು ತುಂಬಿ ಹಾಸಿಗೆ ಮಾಡಿದೆ. ಮರಿ ಉಗುರು ತಿಕ್ಕಿಕೊಳ್ಳಲು ಮರದ ಕಂಬವೊಂದಕ್ಕೆ ತೆಂಗಿನ ಹಗ್ಗ ಸುತ್ತಿದೆ. ಹಗ್ಗ ಸುತ್ತುವುದು ಸುಲಭ ಎಂದುಕೊಂಡಿದ್ದೆ, ಸಂಜೆಯ ಹೊತ್ತಿಗೆ ಬೆರಳಿಗೇ ಬಟ್ಟೆ ಸುತ್ತಬೇಕಾಯಿತು. ಯಲಹಂಕದ ಅಂಗಡಿಯಿಂದ ಮರಿಯ ಕಕ್ಕಸಿಗೆ ಮರಳಿನ ಚೀಲ, ಅದನ್ನು ಹಾಕಲು ತಟ್ಟೆ, ಹಾಲು ಕುಡಿಸುವ ಫಿಲ್ಲರು, ಸಣ್ಣ ಹಲ್ಲಿನ ಬಾಚಣಿಗೆ ಎಲ್ಲ ತಂದೆ. ಮಾರುವವರು ಹಾಲು ಕೊಡಬೇಡಿ ಎಂದರು, ನಾನು ಫಿಲ್ಲರು ಮಾತ್ರ ಬಿಡಲಿಲ್ಲ. ಗರಿ ಕಟ್ಟಿದ ಕೋಲು ತಂದು ನಡುಮನೆಯಲ್ಲಿ ನಾನೇ ಆಡಿಸಿ ನೋಡಿದೆ. ಅದು ಎಷ್ಟು ಮಜವಾಗಿತ್ತು ಎಂದರೆ, ಗಿರಾಕಿಯೊಬ್ಬರು ಫೀಸಿನ ಬಗ್ಗೆ ಕೇಳಲು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ. ಅವರು ಕಲಿಯಲು ಬೇರೆ ಕಡೆ ಸೇರಿದರು.

"ನನ್ ಬಾಣಂತನಕ್ಕೂ ನೀವು ಇಷ್ಟು ಓಡಾಡಿರ್ಲಿಲ್ಲ," ಎಂದಳು ಸುಧಾ. ಹಾಗೆಂದವಳೇ ತನ್ನ ಮನಿಪ್ಲಾಂಟಿನ ಕುಂಡಗಳನ್ನೆಲ್ಲ ಒಂದೊಂದಾಗಿ ಟೆರೇಸಿಗೆ ಹೊತ್ತಳು. ಮರಿ ಆ ಎಲೆ ತಿಂದರೆ ಬಾಯಿ ಸುಡುತ್ತದೆ ಎಂದು ಎಲ್ಲೋ ಓದಿದ್ದಳು. ದಿನವೂ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲು ನನಗೆ ಹೊಸ ಹೆಸರೊಂದನ್ನು ಹೇಳುತ್ತಿದ್ದಳು. ನಾನೂ ಒಂದು ಹೇಳುತ್ತಿದ್ದೆ. ಯಾವುದೂ ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಕೆಳಗೆ ಮಗಳ ಹೆಸರಿಗೂ ಹೀಗೇ ಕಿತ್ತಾಡಿದ್ದೆವು. ಮತ್ತೆ ಅಂಥ ಜಗಳ ಸಿಕ್ಕಿದ್ದು ಇಬ್ಬರಿಗೂ ಹಬ್ಬದ ಹಾಗಿತ್ತು.

ಆ ದಿನಗಳಲ್ಲೇ ಮಂಡಿಯೂರಿ ಮನೆ ಸುತ್ತಿದ್ದು. ಅವ್ವನ ಮಂಚದ ಕೆಳಗೆ ಹೋದಾಗ ಅವಳ ತಗಡಿನ ಪೆಟ್ಟಿಗೆಯ ಹಿಂದೆ, ಗೋಡೆಗೆ ಒರಗಿಸಿಟ್ಟ ಒಂದು ತಟ್ಟೆ ಕಂಡಿತು. ಬಿಳಿ ಪಿಂಗಾಣಿ ಬಳಿದ ಕಬ್ಬಿಣದ ತಟ್ಟೆ, ನೀಲಿ ಅಂಚು, ಅಂಚಿನಲ್ಲಿ ಅಲ್ಲಲ್ಲಿ ಪಿಂಗಾಣಿ ಹಾರಿ ಕಪ್ಪು ಕಾಣುತ್ತಿತ್ತು. ಧೂಳೇ ಇರಲಿಲ್ಲ ಅದರ ಮೇಲೆ. ಅಂದರೆ ಆಗಾಗ ಯಾರೋ ಒರೆಸುತ್ತಿದ್ದರು.

ಅದನ್ನು ಕೈಗೆತ್ತಿಕೊಂಡದ್ದೇ, ನಾನು ಹನ್ನೊಂದು ವರ್ಷದವನಾಗಿ ನಮ್ಮ ಹಳೇ ಹೆಂಚಿನ ಮನೆಯ ಒಲೆ ಮುಂದೆ ಕೂತಿದ್ದೆ. ಆಗ ಬಾಗಲಗುಂಟೆ ಎಂದರೆ ಊರು, ಹೆಸರಘಟ್ಟ ರಸ್ತೆಯಲ್ಲಿ ಎತ್ತಿನ ಗಾಡಿಗೂ ಬಸ್ಸಿಗೂ ಸಮಾನ ಮರ್ಯಾದೆ. ನಮ್ಮದು ಊರೊಳಗಿನ ಮನೆ. ಅಟ್ಟದ ಮೇಲೆ ರಾಗಿ ಮೂಟೆ, ಮೂಟೆಗೆ ಇಲಿ, ಇಲಿಗೆ ಬೆಕ್ಕು. ಯಾರೂ ಅದನ್ನು ಸಾಕಲು ತಂದದ್ದಲ್ಲ. ಒಂದು ದಿನ ಸೂರಿನಿಂದ ಇಳಿದು ಬಂದು ಕೆಲಸಕ್ಕೆ ಸೇರಿಕೊಂಡಿತು ಅಷ್ಟೆ. ಹೆಸರೂ ಇರಲಿಲ್ಲ. "ಬೆಕ್ಕೇ" ಎಂದರೆ ಬರುತ್ತಿತ್ತು. ಚಳಿಗಾಲದಲ್ಲಿ ಆರಿದ ಒಲೆಯ ಬೂದಿಯಲ್ಲಿ ಮಲಗಿ ಬೆಳಿಗ್ಗೆ ವಿಭೂತಿ ಬಳಿದುಕೊಂಡ ಹಾಗೆ ಎದ್ದು ಬರುತ್ತಿತ್ತು. ನಾನು ಮಗ್ಗಿ ಬಾಯಿಪಾಠ ಮಾಡುವಾಗ ಎದುರಿಗೆ ಕೂತು ಕಣ್ಣು ಮುಚ್ಚಿ ಕೇಳುತ್ತಿತ್ತು. ಹದಿಮೂರರ ಮಗ್ಗಿಯಲ್ಲಿ ನಾನು ತಪ್ಪಿದಾಗಲೆಲ್ಲ ಒಂದು ಕಣ್ಣು ತೆರೆಯುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಆ ವರ್ಷ ಅಪ್ಪ ಹೊಲದ ಅಂಚಿನಲ್ಲಿ ತಾರಸಿ ಮನೆ ಕಟ್ಟಿಸಿ, ಊರೊಳಗಿನ ಮನೆಯ ಜಾಗವನ್ನು ಮಾರಿದರು. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ತಂದೆವು. ಸಂಜೆಯೊಳಗೆ ಅದು ಹಳೇ ಮನೆಗೆ ವಾಪಸ್. ಮತ್ತೆ ತಂದೆವು, ಮತ್ತೆ ಹೋಯಿತು. ಮೂರನೆಯ ಸಲ ಹೋದಾಗ ಅಪ್ಪ, "ಅಲ್ಲೇ ಯಾರ್ದೋ ಮನೆ ಸೇರ್ಕಂಡೈತೆ, ಬುಡು" ಎಂದರು. ನಾನು ಅತ್ತೆ. ಆಮೇಲೆ ಹೊಸ ಮನೆಯಲ್ಲಿ ಕರೆಂಟು ಬಂತು, ಸ್ವಿಚ್ಚು ಒತ್ತಿದರೆ ದೀಪ ಹತ್ತುವ ಸಂಭ್ರಮದಲ್ಲಿ ಮರೆತೆ. ಹನ್ನೊಂದು ವರ್ಷದ ಹುಡುಗನ ದುಃಖಕ್ಕೆ ಬ್ರೇಕು ಬೇಗ ಬೀಳುತ್ತದೆ.

"ಅವ್ವ, ಇದು ನಮ್ ಹಳೇ ಮನೇದಲ್ವಾ?" ಎಂದು ತಟ್ಟೆ ತೋರಿಸಿದೆ.

ಅವಳು ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು, ಸೆರಗಿನಲ್ಲಿ ಒರೆಸಿದಳು, ಎಲ್ಲಿತ್ತೋ ಅಲ್ಲೇ ಇಟ್ಟಳು.

ಎರಡು ತಿಂಗಳು ತುಂಬುವುದಕ್ಕೆ ಹತ್ತು ದಿನ ಮುಂಚೆ, ಒಂದು ಭಾನುವಾರ ಜುಬೇದಾ ಪರೀಕ್ಷೆಗೆ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಸುಧಾ ಕೇಸರಿಬಾತ್ ಮಾಡಿದ್ದಳು. ಹೆಣ್ಣು ನೋಡಲು ಬರುವವರಿಗೆ ಮಾಡುವಂಥ ತಯಾರಿ ಎಲ್ಲವೂ ಆಗಿತ್ತು, ಮಂಚದ ಮೇಲೆ ಮುಖ ತಿರುಗಿಸಿ ಕೂತ ಹಿರಿಯರ ಸಮೇತ.

ಜುಬೇದಾ ಕೇಸರಿಬಾತ್ ಮುಟ್ಟಲಿಲ್ಲ. "ಆಮೇಲೆ," ಎಂದರು. ಚೀಲದಿಂದ ಒಂದು ಚೆಂಡು ತೆಗೆದರು. ಫೋಮನ್ನು ಕತ್ತರಿಸಿ ದುಂಡಗೆ ಮಾಡಿದ್ದು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು.

"ಇದು ಅವಳ ತಲೆ ಸೈಜು ಅಣ್ಣಾ. ತಲೆ ಹೋದ್ರೆ ಮೈ ಹೋಗುತ್ತೆ."

ಹಾಗೆಂದು ಅದನ್ನು ನಡುಮನೆಯ ನೆಲದ ಮೇಲೆ ಉರುಳಿಸಿದರು. ನನ್ನ ಟೈರಿನ ಹಾಸಿಗೆಯನ್ನು ದಾಟಿ, ಹಗ್ಗ ಸುತ್ತಿದ ಕಂಬವನ್ನು ದಾಟಿ, ಚೆಂಡು ಅಡುಗೆಮನೆಯ ಹೊಸ್ತಿಲಿಲ್ಲದ ಬಾಗಿಲಿನಿಂದ ಒಳಗೆ ಹೋಯಿತು. ಫ್ರಿಜ್ಜಿನ ಕೆಳಗೆ ನುಸುಳಿತು. ಆಮೇಲೆ ಬರಲಿಲ್ಲ. ಮೂವರೂ ಫ್ರಿಜ್ಜಿನ ಮುಂದೆ ಮಂಡಿಯೂರಿದೆವು. ಅಲ್ಲಿಂದ ಮುಂದೆ ಮೋಟರಿನ ಬಿಸಿ ತಗಡು, ವೈರು.

"ಫೇಲಾ?" ಎಂದೆ.

"ಇರಿ ಅಣ್ಣಾ." ಜುಬೇದಾ ಎದ್ದು ಅವ್ವನ ಕೋಣೆಯ ಬಾಗಿಲಿಗೆ ಹೋದರು. "ಅಮ್ಮಾ, ಹಗಲೆಲ್ಲ ಮನೇಲಿ ಇರೋರು ನೀವೇ ಅಲ್ವಾ? ನಿಮ್ದೇನು ಅಭಿಪ್ರಾಯ? ನೀವು ಬೇಡ ಅಂದ್ರೆ ನಾನು ಬಿಲ್ಕುಲ್ ಕೊಡಲ್ಲ."

ನಾನೂ ಸುಧಾಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಮುಗಿಯಿತು ಎಂದುಕೊಂಡೆ. ಇಷ್ಟು ದಿನದ ಟೈರು, ಹಗ್ಗ, ಮರಳು, ಫಿಲ್ಲರು ಎಲ್ಲ ಕಣ್ಣ ಮುಂದೆ ಬಂತು.

ಅವ್ವ ತಿರುಗಿಸಿಕೊಂಡಿದ್ದ ಮುಖವನ್ನು ಇತ್ತ ಮಾಡಿದಳು. ಆಮೇಲೆ, "ಬಾ ಜುಬೇದಮ್ಮ, ಕೂತ್ಕ" ಎಂದು ಮಂಚದ ಮೇಲೆ ಜಾಗ ಮಾಡಿದಳು.

"ನಮ್ಮನೇಲೂ ಒಂದ್ ಬೆಕ್ಕಿತ್ತು ಕಣಮ್ಮ. ಮನೆ ಬದ್ಲಾಯ್ಸಿದ್ವಿ. ಅದು ಇಲ್ಲಿ ನಿಲ್ಲಲಿಲ್ಲ. ಇವ್ರಪ್ಪ, ಅದು ಇನ್ನೊಬ್ರ ಮನೆ ಸೇರ್ಕಂತು ಅಂದ್ರು. ಎಲ್ಲಿ ಸೇರ್ಕಂತು? ಅಳೇ ಮನೇನ ಕೆಡವಾಕಿದ್ರಲ್ಲ, ಆ ಮಣ್ಣಿನ ಗುಡ್ಡೆ ಮ್ಯಾಲೆ ಕೂತಿರೋದು. ಒಲೆ ಇತ್ತಲ್ಲ, ಅದೇ ಜಾಗದಾಗೆ. ಉಲ್ಲು ತರ್ತೀನಿ ಅಂತ ಏಳಿ ದಿನಾ ಸಂಜೆ ಓಗಿ ಒಂದ್ ತಟ್ಟೆ ಆಲು ಉಯ್ದು ಬರ್ತಿದ್ದೆ. ಒಂದೂವರೆ ತಿಂಗ್ಳು. ಆಮ್ಯಾಕೆ ಲಾರಿ ಬಂದು ಮಣ್ಣೆಲ್ಲ ತುಂಬ್ಕಂಡ್ ಓಯ್ತು. ಮಾರನೇ ದಿನ ಓದೆ, ಕೂಗ್ದೆ. ಬರ್ಲಿಲ್ಲ. ಅದ್ರ ಮಾರನೇ ದಿನಾನೂ ಓದೆ. ತಟ್ಟೆ ಎತ್ಕಂಡ್ ವಾಪಸ್ ಬಂದೆ."

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ನಲವತ್ತಮೂರು ವರ್ಷ ಒಂದೇ ಸೂರಿನ ಅಡಿ ಇದ್ದೂ ಗೊತ್ತಿರಲಿಲ್ಲ. ನಾನು ಸ್ವಿಚ್ಚು ಒತ್ತಿ ಆಡುತ್ತಿದ್ದ ಆ ಸಂಜೆಗಳಲ್ಲೇ ಅವ್ವ ಸೆರಗಿನಡಿ ತಟ್ಟೆ ಮುಚ್ಚಿಕೊಂಡು ಹೊಲ ದಾಟಿ ಹೋಗುತ್ತಿದ್ದಳು.

"ನಾವು ಚೀಲ್ದಾಗೆ ತುಂಬ್ಕಂಡ್ ಬಂದು ಬುಟ್ವಿ," ಎಂದಳು ಅವ್ವ. "ಇದು ನಿನ್ ಮನೆ ಅಂತ ಅದಕ್ಕೆ ಒಬ್ರೂ ಏಳ್ಳಿಲ್ಲ. ಅದಕ್ಕೇ ನಂಗೆ ಬ್ಯಾಡ. ಇವ್ನು ಟೈರು ತಂದವ್ನೆ, ಕೋಲು ತಂದವ್ನೆ. ಅದ್ರಾಗೆ ಆ ಮರಿಗೆ ಗೊತ್ತಿರೋದು ಒಂದಾದ್ರೂ ಐತಾ?"

ಜುಬೇದಾ ಅವ್ವನ ಕೈ ಹಿಡಿದುಕೊಂಡು ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾದ್ರೆ ನೀವೇ ಹೇಳಿ ಅಮ್ಮಾ. ಇವಳನ್ನ ಹೆಂಗೆ ತರ್ಬೇಕು?"

ಅವ್ವ ಯೋಚಿಸಿದಳು. ಯೋಚಿಸಿದ ಹಾಗೆ ಮಾಡಿದಳು ಅಂತಲೇ ನನ್ನ ಅನುಮಾನ, ಏಕೆಂದರೆ ಉತ್ತರ ತುದಿ ನಾಲಿಗೆಯಲ್ಲಿತ್ತು.

"ಅದ್ರವ್ವ ಮಲಗೋ ಬಟ್ಟೆ ಒಂದ್ ತಂದ್ಕೊಡು. ಒಗೀಬ್ಯಾಡ. ಇಲ್ಲಿ ಒಂದ್ ವಾರ ಇರ್ಲಿ. ಇಲ್ಲಿಂದೂ ಒಂದ್ ಬಟ್ಟೆ ಕೊಡ್ತೀನಿ, ನನ್ ಅಳೇ ಸೀರೆ. ಅದನ್ನ ಮರಿಗೆ ಆಸು. ನಮ್ ವಾಸ್ನೆ ಅದಕ್ಕೆ ಗೊತ್ತಾಗ್ಲಿ, ಅದ್ರ ವಾಸ್ನೆ ಈ ಮನೇಗ್ ಗೊತ್ತಾಗ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಆ ಫ್ರಿಜ್ಜು ಬುಡು. ವಾಷಿಂಗ್ ಮಿಷನ್ ಇಂದೆ ನೋಡಿದ್ದೀಯಾ? ಅದ್ರ ಪೈಪು ಓಗೋ ತೂತು ನನ್ ಮುಷ್ಟಿ ಗಾತ್ರ ಐತೆ. ಸೀದಾ ಚರಂಡಿ."

ನಾನು ನೋಡಿರಲಿಲ್ಲ.

"ಸಿಂಕ್ ಕೆಳಗೆ ಇಲಿ ಪಾಷಾಣ ಇಟ್ಟವ್ಳೆ ಸುಧಾ. ಸಂಪಿನ ಮುಚ್ಚಳ ಟ್ಯಾಂಕರ್‌ನೋರು ಅರ್ಧ ಎಳೆದು ಓಯ್ತಾರೆ. ಗೇಟಿನ ಅಡೀಲಿ ನಾಯಿ ಮೂತಿ ಆಕುತ್ತೆ. ಅದೆಲ್ಲ ಇರ್ಲಿ, ನಿನ್ ಕಾರು?"

"ಕಾರಿಗೇನಾಯ್ತು?"

"ಚಳೀಗೆ ಮರಿ ಇಂಜಿನ್ ಒಳಗೆ ಓಗಿ ಮಲಗ್ತದೆ. ನೀನು ಬೆಳಿಗ್ಗೆ ಎದ್ದು ಸ್ಟಾಟ್ ಮಾಡ್ತೀಯ. ಆವಾಗ ನಿನ್ ಎರಡನೇ ಬ್ರೇಕು ಏನ್ ಮಾಡ್ತದೆ?"

ಇಪ್ಪತ್ತೈದು ವರ್ಷದ ನನ್ನ ವಿದ್ಯೆ ಅಲ್ಲೇ ತಣ್ಣಗಾಯಿತು. ಸುಧಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಬೇಡ ಬೇಡ ಎನ್ನುತ್ತಲೇ ಅವ್ವ ಎರಡು ತಿಂಗಳಿಂದ ಮನೆಯ ಒಂದೊಂದು ತೂತನ್ನೂ ಲೆಕ್ಕ ಹಾಕಿಟ್ಟಿದ್ದಳು!

ಜುಬೇದಾ ಎದ್ದು ನಿಂತು ತೀರ್ಪು ಕೊಟ್ಟರು: "ನೀವು ಫೇಲು ಅಣ್ಣಾ. ಅಮ್ಮಾ ಪಾಸು. ಹತ್ತು ದಿನ ಟೈಮು. ಅಮ್ಮಾ ಹೇಳ್ದಂಗೆ ಎಲ್ಲ ಮಾಡಿ." ಆಮೇಲೆ ಕೇಸರಿಬಾತ್ ತಿಂದರು, ಎರಡು ಸಲ ಹಾಕಿಸಿಕೊಂಡರು.

ಆ ಹತ್ತು ದಿನ ಮನೆಯಲ್ಲಿ ಮದುವೆ ಕಳೆ. ಅವ್ವ ಕುರ್ಚಿಯ ಮೇಲೆ ಕೂತು, ಕೋಲಿನಿಂದ ತೋರಿಸುತ್ತಿದ್ದಳು, ನಾನು ಮುಚ್ಚುತ್ತಿದ್ದೆ. ಪೈಪಿನ ತೂತಿಗೆ ಜಾಲರಿ, ಗೇಟಿನ ಅಡಿಗೆ ತಗಡು, ಫ್ರಿಜ್ಜಿನ ಕೆಳಗೆ ಮರದ ಪಟ್ಟಿ, ಸಂಪಿನ ಮುಚ್ಚಳಕ್ಕೆ ಬೀಗ. ಪಾಷಾಣದ ಪೊಟ್ಟಣವನ್ನು ಸುಧಾ ದೂರ ಸಾಗಿಸಿ, ಕೈಯನ್ನು ಮೂರು ಸಲ ಸೋಪಿನಲ್ಲಿ ತೊಳೆದಳು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ "ಮೊದಲು ಬಾನೆಟ್ ತಟ್ಟಿ" ಎಂದು ಬರೆದು ಅಂಟಿಸಿದೆ. ಕಲಿಯಲು ಬಂದವರೂ ಈಗ ಅದನ್ನು ಪಾಠ ಎಂದುಕೊಂಡು ಕಾರು ಹತ್ತುವ ಮೊದಲು ಬಾನೆಟ್ ತಟ್ಟುತ್ತಾರೆ. ಪರೀಕ್ಷೆಯಲ್ಲೂ ಒಬ್ಬರು ತಟ್ಟಿದರಂತೆ. ಅಧಿಕಾರಿ ಏನು ತಿಳಿದುಕೊಂಡರೋ, ಪಾಸು ಮಾಡಿದ್ದಾರೆ.

ತಾಯಿಬೆಕ್ಕಿನ ಬಟ್ಟೆ ಬಂತು. ಹಸಿರು ವೆಲ್ವೆಟ್ಟಿನ ತುಂಡು, ತುಂಬ ಕೂದಲು. ಅದನ್ನು ಅವ್ವ ಟೈರಿನ ಹಾಸಿಗೆಗೆ ಹಾಸಲು ಬಿಡಲಿಲ್ಲ. "ರಬ್ಬರ್ ನಾತ" ಎಂದಳು. ತನ್ನ ಕೋಣೆಯ ಮೂಲೆಯಲ್ಲಿ ಹಣ್ಣಿನ ರಟ್ಟಿನ ಪೆಟ್ಟಿಗೆ ಇಟ್ಟು, ಅದರೊಳಗೆ ಹಾಸಿದಳು. ಅವಳ ಹಳೇ ಹತ್ತಿ ಸೀರೆಯ ಅರ್ಧ ಕುಷನ್ ಅಂಗಡಿಗೆ ಹೋಯಿತು. ನಾನು ದಿನವೂ ಹೋಗಿ ನೋಡಿ ಬರುತ್ತಿದ್ದೆ. ತೇಪೆಯವಳು ಆಗಲೇ ಕಣ್ಣು ಬಿಟ್ಟು, ಕಿವಿ ನಿಲ್ಲಿಸಿ, ಸ್ಪ್ರಿಂಗಿನಿಂದ ಸ್ಪ್ರಿಂಗಿಗೆ ಹಾರುತ್ತಿದ್ದಳು. ಒಂದು ಸಂಜೆ ಅವ್ವನ ಸೀರೆಯ ಮೇಲೆ ಹೊಟ್ಟೆ ಮೇಲಾಗಿ ಮಲಗಿದ್ದಳು. ಫೋಟೋ ತೆಗೆದು ತಂದು ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು, ಮೊಬೈಲನ್ನು ಹತ್ತಿರಕ್ಕೆ ತಂದು, ದೂರಕ್ಕೆ ಹಿಡಿದು ನೋಡಿದಳು.

"ಸೆರಗಿನ ಕಡೆ ಮಲಗವ್ಳೆ," ಎಂದಳು. ಅದರ ಅರ್ಥವೇನೋ ನನಗೆ ತಿಳಿಯಲಿಲ್ಲ. ಅವಳಿಗೆ ಮಾತ್ರ ಬಹಳ ಸಂತೋಷವಾದ ಹಾಗಿತ್ತು.

ಮರಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಚೀಲದಲ್ಲಿ ತರಕೂಡದು ಎಂದು ಅವ್ವನ ಅಪ್ಪಣೆಯಾಗಿತ್ತು. ಜುಬೇದಾ ಅವಳನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಎದೆಗವಚಿಕೊಂಡು, ಬೀದಿಯುದ್ದಕ್ಕೂ ಕಿವಿಯಲ್ಲಿ ಏನೋ ಹೇಳುತ್ತಾ ನಡೆದು ಬಂದರು. ಬಾಗಿಲಲ್ಲಿ ನಿಂತು ಅವರು ಅತ್ತರು, ಸುಧಾಳೂ ಅತ್ತಳು. ನಾನು ಮಾತ್ರ ಗರಿಯ ಕೋಲು ಹಿಡಿದು ನಿಂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅವ್ವನ ಕೋಣೆಯಲ್ಲಿ ಬಿಟ್ಟ ತಕ್ಷಣ ಮರಿ ಬೀರುವಿನ ಹಿಂದೆ ಓಡಿತು. ಕರೆಯಬೇಡಿ, ಎಳೆಯಬೇಡಿ ಎಂದು ಹೇಳಿ ಅವ್ವ ನಮ್ಮನ್ನೆಲ್ಲ ಕೆಲಸಕ್ಕೆ ಅಟ್ಟಿದಳು.

ಅವತ್ತು ನನ್ನ ಕೈಯಲ್ಲಿ ಕಲಿತವರು ಏನು ಕಲಿತರೋ ದೇವರಿಗೇ ಗೊತ್ತು. ಒಬ್ಬರಿಗೆ ಎಡಕ್ಕೆ ಎನ್ನುವಲ್ಲಿ ಬಲಕ್ಕೆ ಎಂದೆ, ಅವರು ಹೋಗಿ ಪೆಟ್ರೋಲ್ ಬಂಕ್ ಒಳಗೆ ನಿಂತರು. ಮೂರು ಗಂಟೆಗೇ ಡ್ರೈವಿಂಗ್ ಸ್ಕೂಲ್ ಮುಚ್ಚಿ ಮನೆಗೆ ಓಡಿ ಬಂದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಎರಡು ಸಲ ತಟ್ಟಿದೆ.

"ಮೆತ್ತಗೆ!" ಎಂದು ಕಿಟಕಿಯಿಂದ ಅವ್ವನ ಪಿಸುದನಿ ಬಂತು.

ಕಿಟಕಿಗೆ ಮುಖವಿಟ್ಟು ನೋಡಿದೆ. ಮಂಡಿ ನೋವೆಂದು ಎಷ್ಟೋ ದಿನದಿಂದ ನೆಲದ ಮೇಲೆ ಕೂರದ ಅವ್ವ, ನಡುಮನೆಯ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದಳು. ಅವಳ ಮಡಿಲಲ್ಲಿ ಬಿಳಿ, ಕಪ್ಪು, ಕೇಸರಿಯ ಒಂದು ಉಂಡೆ. ಅದರ ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ನಾನು ನಿಂತಲ್ಲಿಗೂ ಅದರ ಗುರುಗುರು ಕೇಳಿಸಿತು, ಅಥವಾ ಕೇಳಿಸಿತು ಎಂದುಕೊಂಡೆ.

"ತಾನೇ ಬಂದ್ಲು," ಎಂದಳು ಅವ್ವ, ತುಟಿ ಮಾತ್ರ ಆಡಿಸಿ. "ನಾನು ಕರೀಲೇ ಇಲ್ಲ."

"ಬಾಗ್ಲು ತೆಗಿಯವ್ವ."

"ಎಂಗ್ ತೆಗೀಲಿ? ಮಲಗವ್ಳೆ. ಕಾಲು ಜೋಮು ಇಡ್ದು ಒಂದ್ ಗಂಟೆ ಆಯ್ತು, ನಾನೇ ಅಳ್ಳಾಡಿಲ್ಲ. ಅಲ್ಲೇ ಕೂತ್ಕ."

ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಶಾಲೆಯಿಂದ ಸುಧಾ ಬಂದಳು. "ಯಾಕ್ರೀ ಹೊರಗೆ?" ಎಂದು ಕೇಳುವಷ್ಟರಲ್ಲಿ ನಾನು ಕಿಟಕಿ ತೋರಿಸಿದೆ. ನೋಡಿದಳು. ಬ್ಯಾಗು ಕೆಳಗಿಟ್ಟು ನನ್ನ ಪಕ್ಕ ಕೂತಳು. ಇನ್ನೂ ಸ್ವಲ್ಪ ಹೊತ್ತಿಗೆ ಜುಬೇದಾ ಕೈಯಲ್ಲೊಂದು ಡಬ್ಬಿ ಹಿಡಿದು ಅವಸರದಿಂದ ಬಂದರು. ನಮ್ಮಿಬ್ಬರನ್ನು ನೋಡಿ ಗಾಬರಿಯಾದರು.

"ಏನಾಯ್ತು ಅಣ್ಣಾ? ಮರಿ ಹುಷಾರಾಗಿದ್ದಾಳೆ ಅಲ್ವಾ?"

ನಾನು ಹೇಳುವ ಮೊದಲೇ ಒಳಗಿನಿಂದ ಅವ್ವ ಪಿಸುಗುಟ್ಟಿದಳು: "ಯಾರು, ಜುಬೇದಮ್ಮನಾ? ನೀನೊಬ್ಳು ಬೇಕಾದ್ರೆ ಒಳೀಕೆ ಬಾ. ಅವ್ರಿಬ್ರು ಬ್ಯಾಡ, ಸದ್ದು ಮಾಡ್ತಾರೆ."

"ಬರ್ತೀನಿ ಅಮ್ಮಾ," ಎಂದು ಜುಬೇದಾ ಚಪ್ಪಲಿ ಬಿಟ್ಟರು. ಬಾಗಿಲು ತಳ್ಳಿದರು. ಅದು ಅಲುಗಲಿಲ್ಲ.

"ಚಿಲಕ ಹಾಕಿದೆ ಅಮ್ಮಾ."

"ಔದಲ್ವಾ," ಎಂದಳು ಅವ್ವ. "ಅಂಗಾದ್ರೆ ನೀನೂ ಅಲ್ಲೇ ಕೂತ್ಕಮ್ಮ."

ಸುಧಾ ಸರಿದು ಜಾಗ ಮಾಡಿದಳು. ಮೂವರೂ ಸಾಲಾಗಿ ಕೂತು, ಡಬ್ಬಿಯಲ್ಲಿದ್ದ ಬಿಸಿ ಸಮೋಸಾಗಳನ್ನು ಕುರುಕು ಸದ್ದು ಬಾರದ ಹಾಗೆ ತಿನ್ನತೊಡಗಿದೆವು.